ಗ್ಯಾರೇಜಿನಲ್ಲಿ ಮಾತ್ರ ಕೆಡದ ಕಾರು

ಕೆಟ್ಟು ನಿಂತ ಗಾಡಿಯ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅದು ಪಾಪ, ತನ್ನ ಕಷ್ಟವನ್ನು ನೆಟ್ಟಗೆ ಹೇಳಿಕೊಳ್ಳುತ್ತದೆ. ನನ್ನ ಮೈ ಉರಿಯುವುದು ನಾಲ್ಕು ಜನರ ಎದುರು ಸಾಧುವಿನ ಹಾಗೆ ನಡೆದುಕೊಂಡು, ಒಂಟಿಯಾಗಿ ಸಿಕ್ಕವರಿಗೆ ಕೈಕೊಡುವ ಗಾಡಿಯನ್ನು ಕಂಡಾಗ. ಅಕ್ಕ ಓಡಿಸುತ್ತಿದ್ದ ಬಿಳಿ ಡೀಸೆಲ್ ಕಾರು ಆ ಪೈಕಿ.

ಕಾರು ಅಕ್ಕನದಲ್ಲ, ಅವಳು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನದು. ಹಾಸಿಗೆ ಹಿಡಿದವರು, ಮೆಟ್ಟಿಲು ಇಳಿಯಲಾರದವರು, ಇಂಥವರ ಮನೆಗಳಿಗೆ ಬೆಳಗ್ಗೆ ಹೋಗಿ, ಅವರು ಖಾಲಿ ಹೊಟ್ಟೆಯಲ್ಲಿರುವಾಗಲೇ ರಕ್ತ ತೆಗೆದು, ಬಣ್ಣಬಣ್ಣದ ಮುಚ್ಚಳದ ಕೊಳವೆಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಹೊತ್ತು ಮೀರುವುದರೊಳಗೆ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಒಂದೇ ಚುಚ್ಚಿಗೆ ನರ ಹಿಡಿಯುತ್ತಾಳೆ ಎಂದು ಹೆಸರು. "ಆ ಹುಡುಗೀನೇ ಕಳಿಸಿ, ಬೇರೆಯವರು ಬೇಡ" ಎಂದು ಹಟ ಹಿಡಿಯುವ ಮುದುಕರಿದ್ದಾರೆ. ಅಕ್ಕ ಆ ಕೆಲಸವನ್ನು ಕಣ್ಣಿಗೆ ಒತ್ತಿಕೊಂಡು ಮಾಡುತ್ತಿದ್ದಳು.

ಅಂಥವಳು ಸ್ವಲ್ಪ ದಿನದಲ್ಲೇ ಮೂರು ಸಲ ತಡಮಾಡಿದಳು. ಮೂರು ಸಲವೂ ಅವಳು ಹೇಳಿದ್ದು ಒಂದೇ: ರೋಗಿಯ ಮನೆ ಮುಂದೆ ನಿಲ್ಲಿಸಿದ ಕಾರು, ಕೆಲಸ ಮುಗಿಸಿ ಬಂದಾಗ ಸ್ಟಾರ್ಟ್ ಆಗಲಿಲ್ಲ. ಕೀಲಿ ತಿರುಗಿಸಿ ತಿರುಗಿಸಿ ಕೈ ಸೋತ ಮೇಲೆ ಹೇಗೋ ಕೆಮ್ಮಿಕೊಂಡು ಎದ್ದಿತು. ಮೂರನೆಯ ಸಲ ಮೇಲಿನ ಬಡಾವಣೆಯ ಒಬ್ಬ ಅಜ್ಜನ ರಕ್ತ ಪೆಟ್ಟಿಗೆಯಲ್ಲೇ ಕೆಟ್ಟಿತು. ಮತ್ತೆ ಹೋಗಿ ಚುಚ್ಚಬೇಕಾಯಿತು. ಅಜ್ಜನ ಮಗಳು ಲ್ಯಾಬಿಗೆ ಫೋನ್ ಮಾಡಿ, "ನಮ್ಮಪ್ಪನ ಕೈಯೇನು ಸೂಜಿ ಸಿಕ್ಕಿಸೋ ದಿಂಬೇನ್ರೀ?" ಎಂದಳಂತೆ.

ಲ್ಯಾಬಿನ ಮೇಡಂ ಕೆಟ್ಟವರಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ಅವರು ಅಕ್ಕನನ್ನು ಕೂರಿಸಿಕೊಂಡು ಮೆತ್ತಗೆ ಹೇಳಿದರಂತೆ: "ಗಾಡಿ ಕೆಟ್ಟಿದ್ದರೆ ಗಾಡಿ ಸರಿಮಾಡಿಸೋಣ. ಗಾಡಿ ಸರಿ ಇದ್ದರೆ ಮಾತ್ರ, ನೋಡಮ್ಮ, ನಾನು ಬೇರೆಯವರನ್ನ ಹುಡುಕಬೇಕಾಗುತ್ತೆ."

ಹಾಗೆ ಆ ಕಾರು ನಮ್ಮ ಗ್ಯಾರೇಜಿಗೆ ಬಂತು.

ಗ್ಯಾರೇಜು ನಮ್ಮ ಸೋದರಮಾವನದು. ನಾನು ಶಾಲೆಗೂ ಶಾಲೆ ನನಗೂ ಬೇಡವಾದ ವರ್ಷ ಮಾವ ನನ್ನ ಕೈಗೆ ಸ್ಪ್ಯಾನರ್ ಕೊಟ್ಟು, "ಇದರ ಮೇಲೆ ಸಿಟ್ಟು ತೀರಿಸ್ಕೊ, ಮೇಷ್ಟ್ರ ಮೇಲೆ ಬೇಡ" ಎಂದಿದ್ದರು. ಅಂದಿನಿಂದ ನನಗೆ ಅಲ್ಲಿ ಸಿಡುಕಪ್ಪ ಎಂದೇ ಹೆಸರು. ಉದ್ದನೆಯ ಹಳೇ ಕಟ್ಟಡ, ತಗಡಿನ ಮಾಡು, ಹಿಂದಿನ ಗೋಡೆಗೆ ಒಂದೇ ಒಂದು ಕಿಟಕಿ. ತೊಳೆದ ನೀರು ಹರಿದು ಹೋಗಲೆಂದು ನೆಲವನ್ನು ಹಿಂದಿನಿಂದ ಬೀದಿಯ ಕಡೆಗೆ ಚೆನ್ನಾಗಿಯೇ ಇಳಿಜಾರು ಮಾಡಿಸಿದ್ದಾರೆ. ಸ್ಕ್ರೂ ಬಿದ್ದರೆ ಬೀದಿಯವರೆಗೆ ಓಡಿ ಹಿಡಿಯಬೇಕು.

ಮಾವನದು ಒಂದು ಕಟ್ಟಪ್ಪಣೆ ಇದೆ. ಯಾವ ಗಾಡಿಯೇ ಬರಲಿ, ಬೀದಿಯಲ್ಲೇ ತಿರುಗಿಸಿಕೊಂಡು ಹಿಮ್ಮುಖವಾಗಿ ಒಳಗೆ ತರಬೇಕು. ಮೂತಿ ಬೀದಿಗೆ, ಬೆನ್ನು ಗೋಡೆಗೆ. ಮಾವ ಚಿಕ್ಕವರಿದ್ದಾಗ ಯಾರೋ ಗಾಡಿಯನ್ನು ಹಿಮ್ಮುಖವಾಗಿ ಬೀದಿಗೆ ತೆಗೆಯಲು ಹೋಗಿ ಸೈಕಲ್ಲಿನವನೊಬ್ಬನನ್ನು ಕೆಡವಿದ್ದರಂತೆ. ಅವನು ಬದುಕಿದ, ಆದರೆ ನೆಟ್ಟಗೆ ನಡೆಯಲಿಲ್ಲ. ಅವತ್ತಿನಿಂದ ಇಲ್ಲಿ ಗಾಡಿ ಹೊರಗೆ ಹೋಗುವುದು ಮುಖ ಮುಂದೆ ಮಾಡಿಯೇ. ನನಗಂತೂ ಅದು ಕೈಗೆ ಅಂಟಿಹೋಗಿದೆ. ಮನೆಯಲ್ಲಿ ಚಪ್ಪಲಿ ಬಿಟ್ಟರೂ ಅದರ ಮೂತಿ ಬಾಗಿಲಿಗೆ ಇರುತ್ತದೆ ಎಂದು ಅಕ್ಕ ಆಡಿಕೊಳ್ಳುತ್ತಾಳೆ.

ಬಿಳಿ ಕಾರನ್ನೂ ಹಾಗೇ ನಿಲ್ಲಿಸಿದೆವು. ಮಾವ ಒಂದೊಂದಾಗಿ ನೋಡಿದರು. ಬ್ಯಾಟರಿ ಗಟ್ಟಿ. ಸ್ಟಾರ್ಟರ್ ಗಟ್ಟಿ. ಚಳಿಯಲ್ಲಿ ಎಂಜಿನ್ನಿನ ಒಳಗನ್ನು ಬಿಸಿ ಮಾಡುವ ಪ್ಲಗ್ಗುಗಳು ನಾಲ್ಕೂ ಕೆಂಪಗೆ ಕಾಯುತ್ತಿದ್ದವು. ಫಿಲ್ಟರ್ ಬದಲಿಸಿದೆವು. ರಾತ್ರಿಯಿಡೀ ತಣ್ಣಗಾಗಲು ಬಿಟ್ಟು ಬೆಳಗ್ಗೆ ಕೀಲಿ ತಿರುಗಿಸಿದರೆ, ಅರ್ಧ ಸುತ್ತಿಗೇ ಎದ್ದಿತು. ಊರೆಲ್ಲ ಸುತ್ತಿ ಬಿಸಿ ಮಾಡಿಕೊಂಡು ಬಂದು, ನಿಲ್ಲಿಸಿ, ಊಟ ಮಾಡಿ ಬಂದು ತಿರುಗಿಸಿದರೂ ಎದ್ದಿತು.

"ಕರೆದ ತಕ್ಷಣ ಓ ಅನ್ನುತ್ತಲ್ಲಯ್ಯ ಇದು" ಎಂದರು ಮಾವ. "ನೀನೂ ಹೀಗೇ ಇದ್ದಿದ್ರೆ ನಿಮ್ಮಮ್ಮ ಸುಖವಾಗಿ ಇರ್ತಿದ್ಲು."

ಅಕ್ಕ ಬಾಗಿಲ ಬಳಿ ಟೈರಿನ ರಾಶಿಯ ಮೇಲೆ ಕೂತಿದ್ದಳು. ಪ್ರತಿ ಸಲ ಎಂಜಿನ್ ಎದ್ದಾಗಲೂ ಅವಳ ಮುಖ ಇಳಿಯುತ್ತಿತ್ತು.

"ಪುಟ್ಟೀ, ಕೀಲಿ ಹಾಕಿದ ಮೇಲೆ ಪ್ಲಗ್ ಕಾಯೋವರೆಗೂ ಉರಿಯೋ ಆ ಸುರುಳಿ ದೀಪ ಆರೋ ತನಕ ಕಾಯ್ತೀಯ ತಾನೆ?" ಮಾವ ಕೇಳಿದರು.

"ಕಾಯ್ತೀನಿ ಮಾವ."

"ಕ್ಲಚ್ ಪೂರ್ತಿ ಒತ್ತುತ್ತೀಯ?"

"ನಾನು ಗಾಡಿ ಓಡಿಸ್ತಿರೋದು ನಿನ್ನೆ ಮೊನ್ನೆಯಿಂದ ಅಲ್ಲ ಮಾವ."

"ಅಲ್ಲ, ಕೇಳಿದೆ ಅಷ್ಟೆ. ಕೆಲವರು ಅವಸರದಲ್ಲಿ..."

"ಮೂರು ಸಲಾನೂ ಅವಸರದಲ್ಲಿದ್ನಾ?"

ಅಷ್ಟರಲ್ಲಿ ಮೇಡಂ ಫೋನ್ ಬಂತು. ಮಾವ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೈ ಒರೆಸಿಕೊಳ್ಳುತ್ತಲೇ ಹೇಳಿದರು: "ಮೇಡಂ, ನಾನು ಕಂಡಿದ್ದನ್ನ ಹೇಳ್ತೀನಿ. ಗಾಡೀಲಿ ಏನೂ ಇಲ್ಲ."

ಅಕ್ಕ ಎದ್ದು ಹೊರಗೆ ಹೋದಳು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಹಿಂದಿನ ಗೋಡೆಗೆ ಬೀಸಿದೆ. ಅದು ಬಡಿದು, ಬಿದ್ದು, ಇಳಿಜಾರಿನಲ್ಲಿ ನನ್ನ ಕಾಲಿಗೇ ಜಾರಿ ಬಂತು.

"ಎತ್ತಿಡು ಸಿಡುಕಪ್ಪ" ಎಂದರು ಮಾವ. "ಅದೇನು ಮಾಡಿತ್ತು ನಿನಗೆ?"

"ಸ್ವಂತ ಸೋದರಸೊಸೆ ಅವಳು. ಒಂದು ಮಾತು, ಏನೋ ವೈರಿಂಗ್ ಲೂಸ್ ಇತ್ತು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ನಾಳೆ ಮತ್ತೆ ನಿಂತ್ರೆ? ಆಗ ಏನು ಲೂಸ್ ಇತ್ತು ಅನ್ನಲಿ, ನನ್ನ ನಾಲಿಗೆನಾ?"

ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಮೇಡಂ ಮಾರನೆಯ ದಿನ ಒಂದು ಅವಕಾಶ ಕೊಟ್ಟರು. ಅದೂ ಎಂಥ ಅವಕಾಶ ನೋಡಿ: ಗಾಡಿ ಕೈಕೊಟ್ಟು ತಡವಾದರೆ ಕೆಲಸ ಹೋಗುತ್ತದೆ. ಕೈಕೊಡದಿದ್ದರೆ, ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು ಎಂದಾಗುತ್ತದೆ.

*

ಮಾರನೆಯ ಬೆಳಗ್ಗೆ ನಾನೂ ಹೊರಟೆ. ಕೀಲಿ ನಾನೇ ಇಟ್ಟುಕೊಂಡೆ. "ನಾನು ಓಡಿಸ್ತೀನಿ, ನೀನು ಪಕ್ಕದಲ್ಲಿ ಕೂತ್ಕೊ. ಅದರ ನಾಟಕ ಏನಿದೆ ನಾನೂ ನೋಡ್ತೀನಿ."

"ನೋಡು" ಎಂದಳು ಅಕ್ಕ. ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿಟ್ಟು ಅದಕ್ಕೂ ಬೆಲ್ಟು ಕಟ್ಟಿದಳು, ಮಗುವಿಗೆ ಕಟ್ಟಿದ ಹಾಗೆ.

ಮೊದಲ ಮನೆ, ಎರಡನೆಯ ಮನೆ, ಎಲ್ಲ ಸಲೀಸು. ಆಮೇಲೆ ಮೇಲಿನ ಬಡಾವಣೆ. ಅಲ್ಲಿನ ಬೀದಿಗಳು ಏಣಿ ಇಟ್ಟ ಹಾಗೆ ಏರುತ್ತವೆ, ಅಗಲವೂ ಇಲ್ಲ. ನಾನು ಪ್ರತಿ ಸಲ ಬೀದಿಯ ತುದಿಗೆ ಹೋಗಿ, ತಿರುಗಿಸಿಕೊಂಡು ಇಳಿದು ಬಂದು, ಮನೆಯ ಮುಂದೆ ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತಿದ್ದೆ. ಅಕ್ಕ ಒಳಗೆ ಹೋಗಿ ಬರುವಳು. ನಾನು ಸ್ಟೀರಿಂಗ್ ಹಿಡಿದು ಹಲ್ಲು ಕಚ್ಚಿಕೊಂಡು ಕೂತಿರುವೆ. ಅವಳು ಬಂದು ಬಾಗಿಲು ಹಾಕಿದಾಗ ಕೀಲಿ ತಿರುಗಿಸುವೆ. ಅರ್ಧ ಸುತ್ತು. ಎದ್ದೇ ಬಿಡುತ್ತಿತ್ತು. ಇನ್ನೊಂದು ಮನೆ. ಅರ್ಧ ಸುತ್ತು. ಎದ್ದಿತು.

ಗಾಡಿ ಸ್ಟಾರ್ಟ್ ಆದದ್ದಕ್ಕೆ ನಾನು ಶಾಪ ಹಾಕಿದ್ದು ಅದೇ ಮೊದಲು.

ಅಜ್ಜನ ಮನೆಯೊಂದೇ ಉಳಿದಿತ್ತು. ಆ ಬೀದಿಯ ಬುಡಕ್ಕೆ ಬಂದಾಗ ನಾನು ಗಾಡಿ ಪಕ್ಕಕ್ಕೆ ಹಾಕಿದೆ.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ."

"ಬೇಜಾರಾಗೋ ಮಾತೇ ಕೇಳ್ತೀಯ, ಗೊತ್ತು. ಕೇಳು."

"ಈ ಕೆಲಸ ಸಾಕಾಗಿದ್ರೆ ಬಾಯಿ ಬಿಟ್ಟು ಹೇಳು. ಬೆಳಗಾಗೆದ್ದು ಕಂಡವರ ಮನೆ ಸುತ್ತೋದು ಯಾರಿಗಾದ್ರೂ ಸಾಕಾಗುತ್ತೆ. ಗಾಡಿ ಮೇಲೆ ಯಾಕೆ ಹಾಕ್ತೀಯ?"

ಅವಳು ಕೂಗಾಡಲಿಲ್ಲ. ಕೈ ಚಾಚಿದಳು ಅಷ್ಟೆ.

"ಕೀಲಿ ಕೊಡು."

"ಅಲ್ಲ ಅಕ್ಕ..."

"ಕೊಡು. ಮಾವ ಅಂದ್ರು, ಸರಿ. ಮೇಡಂ ಅಂದ್ರು, ಸರಿ. ನೀನೂ ಅಂದೆ. ಇಳಿ ಕೆಳಗೆ."

ನಾನು ಇಳಿದು ಆ ಕಡೆ ಹೋಗಿ ಕೂತೆ. ಅವಳು ಗಾಡಿಯನ್ನು ಒಂದನೇ ಗೇರಿನಲ್ಲಿ ಏರಿಸಿ, ಅಜ್ಜನ ಮನೆಯ ಗೇಟಿನ ಎದುರಿಗೆ ಹೋದ ಹಾಗೇ ನಿಲ್ಲಿಸಿದಳು. ಮೂತಿ ಆಕಾಶಕ್ಕೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಟ್ಟು, ಹಿಂದೆ ತಿರುಗಿಯೂ ನೋಡದೆ ಒಳಗೆ ಹೋದಳು. ಆಗಲೂ ನನಗೆ ಹೊಳೆಯಲಿಲ್ಲ. ಇಳಿದು ಹೋಗಿ ತಿರುಗಿಸಿ ನಿಲ್ಲಿಸೋಣ ಎಂದು ಕೈ ತುರಿಸಿತು, ಆದರೆ ಕೀಲಿ ಅವಳ ಜೇಬಿನಲ್ಲಿತ್ತು. ನನ್ನ ಪುಣ್ಯ.

ಅಜ್ಜನ ನರ ಸಿಗುವುದು ಕಷ್ಟ. ಅಕ್ಕ ಬಹಳ ಹೊತ್ತು ಬರಲಿಲ್ಲ. ಬಂದಾಗ ಅವಳ ಕೈಯಲ್ಲಿ ಎರಡು ಕೊಳವೆಗಳಿದ್ದವು, ಮುಖ ಗಂಟಾಗಿಯೇ ಇತ್ತು. ಅವುಗಳನ್ನು ಪೆಟ್ಟಿಗೆಯಲ್ಲಿಟ್ಟು, ಕೂತು, ಸುರುಳಿ ದೀಪ ಆರುವ ತನಕ ಕಾದು ಕೀಲಿ ತಿರುಗಿಸಿದಳು.

ಸ್ಟಾರ್ಟರ್ ತಿರುಗಿತು. ತಿರುಗುತ್ತಲೇ ಇತ್ತು. ಎಂಜಿನ್ ಏಳಲಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವಳು ಬಿಟ್ಟು, ಮತ್ತೆ ತಿರುಗಿಸಿದಳು. ಅದೇ ಗರಗರ ಶಬ್ದ, ಒಣ ಬಾವಿಗೆ ಕೊಡ ಇಳಿಸಿದ ಹಾಗೆ.

"ನೋಡಿದ್ಯಾ?" ಎಂದಳು. "ಕಣ್ಣಾರೆ ನೋಡಿದ್ಯಾ?"

ನಾನು ಆಗಲೇ ಬಾನೆಟ್ ಎತ್ತಿದ್ದೆ. ಡೀಸೆಲ್ ಫಿಲ್ಟರಿನ ತಲೆಯ ಮೇಲೆ ಕೈಯಿಂದ ಒತ್ತುವ ಪುಟ್ಟ ಪಂಪೊಂದು ಇರುತ್ತದೆ. ಒಳಗೆ ಡೀಸೆಲ್ ತುಂಬಿದ್ದರೆ ಅದು ಕಲ್ಲಿನ ಹಾಗೆ ಗಟ್ಟಿ ಇರಬೇಕು. ನನ್ನ ಹೆಬ್ಬೆರಳಿನ ಕೆಳಗೆ ಅದು ಗಾಳಿ ಹೋದ ಬಲೂನಿನ ಹಾಗೆ ಪಿಚಕ್ಕನೆ ಒಳಗೆ ಹೋಯಿತು. ಫಿಲ್ಟರಿನಲ್ಲಿ ಬರೀ ಗಾಳಿ. ಒತ್ತಿದೆ, ಒತ್ತಿದೆ, ಅಂಗೈ ಉರಿಯುವ ತನಕ ಒತ್ತಿದೆ. ಅಜ್ಜನ ಮಗಳು ಮೇಲಿನ ಕಿಟಕಿಯಿಂದ ಬಗ್ಗಿ ನೋಡಿ, "ಮತ್ತೆ ಶುರುವಾಯ್ತಾ? ಇವತ್ತೂ ನಮ್ಮಪ್ಪನ ರಕ್ತ ಬೀದಿಪಾಲಾ?" ಎಂದಳು.

"ಇಲ್ಲ" ಎಂದೆ. ಇನ್ನೇನಾದರೂ ಅಂದಿದ್ದರೆ ಕೆಟ್ಟದ್ದೇ ಬಾಯಿಗೆ ಬರುತ್ತಿತ್ತು.

ಪಂಪು ನಿಧಾನವಾಗಿ ಗಟ್ಟಿಯಾಯಿತು. "ಈಗ ತಿರುಗ್ಸು." ಎಂಜಿನ್ ಎರಡು ಸಲ ಸೀನಿ, ಬಿಳಿ ಹೊಗೆ ಉಗುಳಿ, ಎದ್ದಿತು.

ಇಳಿಯುವ ದಾರಿಯಲ್ಲಿ ಅಕ್ಕ ಬಸ್ಸುಗಳ ಸಂದಿಯಲ್ಲಿ ನುಗ್ಗಿಸುತ್ತಿದ್ದಳು. ನಾನು ಡೀಸೆಲ್ ವಾಸನೆಯ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ತಿರುವಿನಲ್ಲಿ ಕಾರು ಮುಂದಕ್ಕೆ ವಾಲಿದಾಗ ನನ್ನ ತಲೆಯಲ್ಲಿ ಏನೋ ಜಾರಿ ಮುಂದೆ ಬಂದು ನಿಂತಿತು.

"ಅಕ್ಕ, ಆ ಮೂರು ಸಲ ಗಾಡಿ ಹೇಗೆ ನಿಲ್ಲಿಸಿದ್ದೆ?"

"ಹೇಗೆ ಅಂದ್ರೆ? ಹೋದ ಹಾಗೆ. ನಿಮ್ಮ ಹಾಗೆ ತಿರುಗಿಸಿ ಮುರುಗಿಸಿ ನಿಲ್ಲಿಸೋಕೆ ನನಗೆಲ್ಲಿದೆ ಪುರುಸೊತ್ತು?"

"ಮೂತಿ ಮೇಲೆ?"

"ಹತ್ತೋ ಬೀದೀಲಿ ಮೂತಿ ಮೇಲೇ ಇರುತ್ತೆ ಕಣೋ."

ಶರಬತ್ತಿನ ಲೋಟದಲ್ಲಿ ಸ್ಟ್ರಾ ಅದ್ದಿ, ಮೇಲಿನ ತೂತನ್ನು ಬೆರಳಿಂದ ಮುಚ್ಚಿ ಎತ್ತಿದರೆ ಶರಬತ್ತು ಒಳಗೇ ನಿಲ್ಲುತ್ತದೆ. ಬೆರಳು ಸ್ವಲ್ಪ ಸಡಿಲಿಸಿದರೆ ಜಾರಿ ಇಳಿಯುತ್ತದೆ. ಈ ಕಾರಿನ ಡೀಸೆಲ್ ಟ್ಯಾಂಕು ಹಿಂದೆ, ಎಂಜಿನ್ ಮುಂದೆ. ಪೈಪಿನಲ್ಲಿ ಎಲ್ಲೋ ಕೂದಲೆಳೆಯಷ್ಟು ಬಿರುಕು ಇದೆ. ಮೂತಿ ಮೇಲಾಗಿ ನಿಂತರೆ ಆ ಬಿರುಕಿನಿಂದ ಗಾಳಿ ಒಳಗೆ ನುಸುಳಿ, ಡೀಸೆಲ್ ನಿಧಾನವಾಗಿ ಹಿಂದಕ್ಕೆ, ಟ್ಯಾಂಕಿಗೆ ಜಾರುತ್ತದೆ. ಬೇಗ ವಾಪಸ್ ಬಂದರೆ ಜಾರಿರುವುದಿಲ್ಲ, ಸ್ಟಾರ್ಟ್ ಆಗುತ್ತದೆ. ಹೊತ್ತಾದರೆ ಇಲ್ಲ. ಮೂತಿ ಕೆಳಗಾಗಿ ನಿಂತರೆ ಡೀಸೆಲ್ ಎಂಜಿನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಗ್ಯಾರೇಜಿನಲ್ಲಿ ಅದು ಸತ್ತರೂ ಕೆಡುತ್ತಿರಲಿಲ್ಲ. ಇವತ್ತು ಬೆಳಗ್ಗೆಯಿಂದ ನಾನೇ ನನ್ನ ಕೈಯಾರೆ ಅದನ್ನು ಸಾಧುವನ್ನಾಗಿ ಮಾಡಿದ್ದೆ. ನಾವು ಎಲ್ಲವನ್ನೂ ಕೇಳಿದ್ದೆವು, ದೀಪ, ಕ್ಲಚ್ಚು, ಅವಸರ, ಆಲಸ್ಯ. ಗಾಡಿ ಹೇಗೆ ನಿಂತಿತ್ತು ಎಂದು ಮಾತ್ರ ಒಬ್ಬರೂ ಕೇಳಿರಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದೆ. ಹೊಗಳಬಹುದು ಎಂದುಕೊಂಡಿದ್ದೆ. ಅವಳು, "ಹೂಂ" ಎಂದಳು ಅಷ್ಟೆ.

ಲ್ಯಾಬು ಮುಟ್ಟಿದಾಗ ಹೊತ್ತು ಇನ್ನೂ ಮೀರಿರಲಿಲ್ಲ. ಪೆಟ್ಟಿಗೆ ಒಳಗೆ ಹೋಯಿತು. ನಾನು ಮೇಡಂ ಎದುರು ನಿಂತು ಎಲ್ಲ ಒದರಿದೆ. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನೀನು ಅವಳ ತಮ್ಮ" ಎಂದರು. "ಅಕ್ಕನ ಪರ ಮಾತಾಡೋದು ತಪ್ಪಲ್ಲ. ಆದರೆ ನಿನ್ನೆ ನಿಮ್ಮ ಮಾವನೇ ಏನೂ ಇಲ್ಲ ಅಂದ್ರು. ನಾನು ಯಾರನ್ನ ನಂಬಲಿ?"

"ಸಂಜೆ ಗ್ಯಾರೇಜಿಗೆ ಬನ್ನಿ ಮೇಡಂ" ಎಂದಳು ಅಕ್ಕ ನನ್ನ ಹಿಂದಿನಿಂದ. "ನಿಮ್ಮೆದುರಿಗೇ ತೋರಿಸ್ತೀನಿ. ಸ್ಟಾರ್ಟ್ ಆಗಿಬಿಟ್ರೆ ಕೀಲಿ ಅಲ್ಲೇ ತಗೊಳ್ಳಿ."

ಹೊರಗೆ ಬಂದ ಮೇಲೆ ನಾನೆಂದೆ, "ಹುಚ್ಚಾ ನಿನಗೆ? ಬಿರುಕು ಹುಡುಕಿ ಪೈಪು ಬದಲಾಯಿಸ್ತೀನಿ, ಇನ್ಮೇಲೆ ಕೆಡಲ್ಲ, ಮುಗೀತು."

"ಏನು ಮುಗೀತು? ನೀನು ಸರಿಮಾಡಿಬಿಟ್ರೆ ನಾನು ಸುಳ್ಳಿಯಾಗೇ ಉಳೀತೀನಿ. ಸಂಜೆ ತನಕ ಅದರ ಒಂದು ನಟ್ಟು ಮುಟ್ಟಿದ್ರೂ ನಿನ್ನ ಕೈ ಮುರೀತೀನಿ."

*

"ಮುಖ ಒಳಗೆ ಮಾಡಿ ನಿಲ್ಲಿಸಬೇಕಾ?" ಮಾವ ಕೇಳಿದರು. "ನನ್ನ ಗ್ಯಾರೇಜಲ್ಲಿ?"

"ಹೌದು."

"ಆಮೇಲೆ ಹೊರಗೆ ಹೇಗೆ ತೆಗೀತೀಯ?"

"ಹಿಮ್ಮುಖವಾಗಿ. ಊರಲ್ಲಿ ಎಲ್ಲರೂ ತೆಗೆಯೋ ಹಾಗೆ."

"ಊರಿನ ಮಾತು ನನಗೆ ಬೇಡ."

"ನಿಮ್ಮ ನೆಲದ ಇಳಿಜಾರೇ ಅವಳ ಕೆಲಸ ತಿಂತಾ ಇದೆ ಮಾವ. ಅದಾದ್ರೂ ನಿಮಗೆ ಬೇಕಾ?"

ಮಾವ ನನ್ನನ್ನು ದಿಟ್ಟಿಸಿದರು. ಆಮೇಲೆ ನೆಲವನ್ನು ನೋಡಿದರು, ಹಿಂದಿನ ಗೋಡೆಯಿಂದ ಬೀದಿಯವರೆಗೆ, ಅದನ್ನು ಮೊದಲ ಸಲ ನೋಡುತ್ತಿರುವವರ ಹಾಗೆ. ಜೇಬಿನಲ್ಲಿದ್ದ ಸ್ಕ್ರೂ ಒಂದನ್ನು ತೆಗೆದು ಕೆಳಗೆ ಬಿಟ್ಟರು. ಅದು ಉರುಳಿ ಉರುಳಿ ಬಾಗಿಲ ಬಳಿ ನಿಂತಿತು. "ನಿಲ್ಲಿಸು" ಎಂದು ಬೆನ್ನು ತಿರುಗಿಸಿದರು.

ಅಕ್ಕ ಕಾರನ್ನು ನೇರವಾಗಿ ಒಳಗೆ ತಂದು, ಮೂತಿ ಕಿಟಕಿಗೆ ಮಾಡಿ ನಿಲ್ಲಿಸಿದಳು. ಉಳಿದ ಗಾಡಿಗಳೆಲ್ಲ ಬೀದಿ ನೋಡುತ್ತಿದ್ದವು. ಅದೊಂದು ಮಾತ್ರ ತರಗತಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದ ಹುಡುಗನ ಹಾಗಿತ್ತು. ಆ ಜಾಗ ನನಗೆ ಚೆನ್ನಾಗಿ ಗೊತ್ತು.

ಅಷ್ಟರಲ್ಲೇ ಮೇಡಂ ಬಂದರು. ಮಾವ ಅವರಿಗೆ ಇದ್ದೊಂದು ಸರಿಯಾದ ಕುರ್ಚಿ ಒರೆಸಿ ಕೊಟ್ಟರು. ಚಹಾ ಬಂತು. ಲೋಟ ಖಾಲಿಯಾದ ಮೇಲೆ ಮೇಡಂ ಅಕ್ಕನ ಕಡೆ ನೋಡಿದರು. ಅಕ್ಕ ನನ್ನ ಕಡೆ ನೋಡಿದಳು.

ತಪ್ಪು ನನ್ನದೇ. ತಾಳ್ಮೆ ಎಂಬುದು ನನ್ನ ಮೈಯಲ್ಲಿ ಇಲ್ಲ. "ಆಯ್ತು, ತಿರುಗ್ಸು" ಎಂದೆ.

ಅವಳು ತಿರುಗಿಸಿದಳು. ಅರ್ಧ ಸುತ್ತು. ಕಾರು ಎದ್ದು, ಮುದ್ದಾಗಿ ಗುರುಗುಟ್ಟಿತು.

ಮಾವ ತಲೆ ತಗ್ಗಿಸಿದರು. ಮೇಡಂ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದರು. "ನೋಡಮ್ಮ, ನನಗೂ ಇದು ಸುಖದ ವಿಷಯ ಅಲ್ಲ..."

"ಕೂತ್ಕೊಳ್ಳಿ ಮೇಡಂ."

ಅಕ್ಕ ಎಂಜಿನ್ ಆರಿಸಿ ಕೆಳಗೆ ಇಳಿದಿದ್ದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಮೇಡಂ ಕೇಳಿರಲಿಕ್ಕಿಲ್ಲ. ಅವರು ಕೂತೇ ಬಿಟ್ಟರು.

"ಒಂದು ಲೋಟ ಚಹಾದಷ್ಟು ಹೊತ್ತಲ್ಲಿ ನಾನು ಯಾವ ಮನೆಯಿಂದಲೂ ಹೊರಗೆ ಬಂದಿಲ್ಲ. ಮಾತಾಡಿಸಿ, ಕೈ ಬಿಸಿ ಮಾಡಿ, ನರ ಹುಡುಕಿ, ತೆಗೆದು, ಆಮೇಲೆ ರಕ್ತ ನಿಲ್ಲೋ ತನಕ ಕೂತಿದ್ದು ಬರ್ತೀನಿ. ಅಷ್ಟೂ ಹೊತ್ತು ಇಲ್ಲಿ ಆಗ್ಬೇಕು." ಅವಳು ಹಿಂದಿನ ಸೀಟಿನಿಂದ ತನ್ನ ಚೀಲ ತೆಗೆದಳು. "ಮಾವ, ಬನ್ನಿ. ತೋಳು ಮೇಲೆ ಮಾಡಿ."

"ನಂದಾ?" ಮಾವ ಒಂದು ಹೆಜ್ಜೆ ಹಿಂದೆ ಹೋದರು. ಎಂಜಿನ್ನನ್ನು ಒಬ್ಬರೇ ಎತ್ತುವ ಆಸಾಮಿ, ಸೂಜಿ ಅಂದರೆ ಬೆವರುತ್ತಾರೆ. ಸಕ್ಕರೆ ಪರೀಕ್ಷೆ ಮಾಡಿಸಿ ಎಂದು ಅತ್ತೆ ಹೇಳಿ ಹೇಳಿ ಸೋತಿದ್ದರು. "ನನಗೇನಾಗಿದೆ? ನಾನು ಗಟ್ಟಿ ಇದ್ದೀನಿ."

"ಗಾಡೀನೂ ಗಟ್ಟಿ ಇದೆ ಅಂದ್ರಿ. ಬನ್ನಿ."

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದರು. ಮಾವ ದಾರಿ ಕಾಣದೆ ಸ್ಟೂಲಿನ ಮೇಲೆ ಕೂತರು. ಅಕ್ಕ ಕೆಲಸದ ಮೇಜಿನ ಮೇಲಿನ ಸಾಮಾನು ಸರಿಸಿ ಬಿಳಿ ಬಟ್ಟೆ ಹಾಸಿದಳು. ಮಾವನ ತೋಳಿನ ಗ್ರೀಸು ಒರೆಸುವುದಕ್ಕೇ ಅರ್ಧ ಹತ್ತಿ ಖರ್ಚಾಯಿತು. ಪಟ್ಟಿ ಬಿಗಿದು, ಮುಷ್ಟಿ ಮಾಡಿಸಿ, ಮೊಣಕೈ ಒಳಗೆ ಬೆರಳಿಟ್ಟು ಕಣ್ಣು ಮುಚ್ಚಿ ಹುಡುಕಿದಳು. ನನ್ನ ಕಿವಿಯೆಲ್ಲ ಬಿಳಿ ಕಾರಿನ ಕಡೆಗಿತ್ತು. ಡೀಸೆಲ್ ಜಾರುವ ಶಬ್ದ ಯಾರಿಗೂ ಕೇಳಿಸುವುದಿಲ್ಲ, ಆದರೂ ಕೇಳಿಸಲಿ ಎಂದು ಕಿವಿ ಕೊಟ್ಟಿದ್ದೆ. ಜಾರು, ಜಾರು ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಗಾಡಿ ಕೆಡಲಿ ಎಂದು ಬೇಡಿಕೊಂಡ ಮೆಕ್ಯಾನಿಕ್ ಇನ್ನೊಬ್ಬ ಇರಲಾರ.

"ಬೇಗ ಚುಚ್ಚಿ ಮುಗಿಸಬಾರದಾ ಪುಟ್ಟೀ?" ಮಾವ ಮುಖ ಆ ಕಡೆ ತಿರುಗಿಸಿ ಹೇಳಿದರು.

"ಅವಸರ ಮಾಡಿದ್ರೆ ತಪ್ಪಾಗುತ್ತೆ ಮಾವ. ಕೆಲವರು ಅವಸರದಲ್ಲಿ ತಪ್ಪು ಮಾಡ್ತಾರೆ. ನೀವೇ ಹೇಳ್ತಿದ್ರಲ್ಲ."

ಮಾವ ತೋಳನ್ನು ಇನ್ನಷ್ಟು ಮುಂದೆ ಚಾಚಿದರು.

ಒಂದೇ ಚುಚ್ಚು. ಮಾವನಿಗೆ ಗೊತ್ತೂ ಆಗಲಿಲ್ಲ. ಕೊಳವೆ ತುಂಬಿತು. ಅಕ್ಕ ಹತ್ತಿ ಒತ್ತಿ, "ಮಡಚಿ ಹಿಡ್ಕೊಳ್ಳಿ, ಉಜ್ಜಬೇಡಿ" ಎಂದು, ಅವರ ಪಕ್ಕದಲ್ಲೇ ಕೂತು ಕಾದಳು. ಅಜ್ಜನ ಪಕ್ಕದಲ್ಲಿಯೂ ಹೀಗೇ ಕೂರುತ್ತಾಳೇನೋ. ಆಮೇಲೆ ಎದ್ದು, ಕೊಳವೆಯನ್ನು ಪೆಟ್ಟಿಗೆಯಲ್ಲಿಟ್ಟು, ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡಳು. ಸುರುಳಿ ದೀಪ ಹತ್ತಿತು. ಆರಿತು.

ಕೀಲಿ ತಿರುಗಿತು.

ಗರಗರ ಗರಗರ. ಒಣ ಬಾವಿ.

ಅವಳು ಬಿಟ್ಟಳು. ಮೇಡಂ ಎದ್ದು ಕಾರಿನ ಹತ್ತಿರ ಬಂದು ನಿಂತರು. ಮತ್ತೆ ತಿರುಗಿಸಿದಳು. ಗರಗರ ಗರಗರ. ನಾನು ಬಾನೆಟ್ ಎತ್ತಿ, ಮೇಡಂ ಅವರ ಹೆಬ್ಬೆರಳನ್ನೇ ಆ ಪಂಪಿನ ಮೇಲೆ ಇಡಿಸಿದೆ. ಅದು ಮೆತ್ತಗೆ ಒಳಗೆ ಹೋಯಿತು.

"ಇದು ಗಟ್ಟಿ ಇರಬೇಕಿತ್ತಾ?" ಎಂದರು.

"ಕಲ್ಲಿನ ಹಾಗೆ."

ಅವರು ಬೆರಳಿನ ಮಸಿಯನ್ನು ನೋಡಿಕೊಂಡರು. ಆಮೇಲೆ ಕಿಟಕಿಗೆ ಬಗ್ಗಿ ಅಕ್ಕನಿಗೆ ಹೇಳಿದರು: "ನಾಳೆ ಎಂದಿನ ಹಾಗೆ ಬಾ. ಆ ಅಜ್ಜನ ಮಗಳಿಗೆ ನಾನೇ ಫೋನ್ ಮಾಡ್ತೀನಿ." ಅಕ್ಕನ ಹೆಗಲು ಮುಟ್ಟಿ ಹೋದರು.

ಅಕ್ಕ ಕಾರಿನಿಂದ ಇಳಿಯಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡು ಕಿಟಕಿಯ ಗೋಡೆಯನ್ನು ನೋಡುತ್ತ ಕೂತಳು. ನಾನು ಹತ್ತಿರ ಹೋಗಿ, "ಗೆದ್ದೆ ಅಕ್ಕ" ಎಂದೆ.

"ಏನು ಗೆದ್ದೆ?" ಎಂದಳು. "ನಾನು ಬಾಯಿ ಬಿಟ್ಟು ಹೇಳಿದ್ದನ್ನ ನೀವ್ಯಾರೂ ನಂಬಲಿಲ್ಲ. ಇದು ಗರಗರ ಅಂತು, ಎಲ್ಲರೂ ನಂಬಿದ್ರಿ."

ನನ್ನ ಸಿಟ್ಟೆಲ್ಲ ಅಲ್ಲೇ ಇತ್ತು, ಬೆಳಗ್ಗೆ ಇದ್ದಷ್ಟೇ ಇತ್ತು, ಆದರೆ ಅದನ್ನು ಬೀಸಿ ಹೊಡೆಯಲು ನನ್ನ ಮುಖ ಬಿಟ್ಟರೆ ಬೇರೆ ಗೋಡೆ ಸಿಗಲಿಲ್ಲ.

ಅಷ್ಟರಲ್ಲಿ ಮಾವ ಮಡಚಿದ ತೋಳಿನ ಜೊತೆಗೇ ಎಂಜಿನ್ನಿನ ಮೇಲೆ ಬಗ್ಗಿದ್ದರು. ಫಿಲ್ಟರಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ, ರಬ್ಬರ್ ಪೈಪಿನ ಮೇಲೆ ಬೆರಳು ಓಡಿಸಿದರು, ಅಕ್ಕ ಅವರ ತೋಳಿನ ಮೇಲೆ ಓಡಿಸಿದ ಹಾಗೇ, ಕಣ್ಣು ಮುಚ್ಚಿ. ಕ್ಲಿಪ್ಪಿನ ಕೆಳಗೆ ಬೆರಳು ನಿಂತಿತು. ಕ್ಲಿಪ್ ಬಿಚ್ಚಿ ಪೈಪನ್ನು ಬೆಳಕಿಗೆ ಬಾಗಿಸಿದರು. ಬಾಗಿಸಿದಾಗ ಮಾತ್ರ ಬಾಯಿ ಬಿಡುವ ಸಣ್ಣ ಬಿರುಕು. ಅದನ್ನು ನನಗೆ ತೋರಿಸಲಿಲ್ಲ. ನೇರ ಅಕ್ಕನ ಕಿಟಕಿಗೆ ಒಯ್ದು, ಅವಳ ಅಂಗೈ ಮೇಲಿಟ್ಟರು.

"ನೀನು ಹೇಳಿದ್ದು ಇದು" ಎಂದರು. "ನಾನು ಕೇಳಲಿಲ್ಲ."

ಹೊಸ ಪೈಪನ್ನು ಅವರೇ ಹಾಕಿದರು. ಸ್ಪ್ಯಾನರ್ ಕೊಡಲು ಹೋದ ನನ್ನ ಕೈ ತಳ್ಳಿದರು. ಪಂಪು ಒತ್ತಿ ಗಟ್ಟಿ ಮಾಡಿದರು. ಕಾರು ಎದ್ದಿತು.

ಇನ್ನು ಅದನ್ನು ಹೊರಗೆ ತೆಗೆಯಬೇಕಿತ್ತು, ಹಿಮ್ಮುಖವಾಗಿ. ಸಂಜೆಯ ಹೊತ್ತು, ಬೀದಿಯ ತುಂಬ ಗಾಡಿ, ಸೈಕಲ್ಲು, ಶಾಲೆ ಬಿಟ್ಟ ಮಕ್ಕಳು. ನಾನು ಹೊರಗೆ ಓಡಲು ಹೊರಟೆ. ಮಾವ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದರು.

"ನೀನು ಬೇಡ. ನೀನು ಹೋದ್ರೆ ಜಗಳ ಆಡ್ತೀಯ."

ಅವರು ತಾವೇ ಬೀದಿಯ ನಡುವಿಗೆ ಹೋಗಿ ನಿಂತರು. ಹತ್ತಿ ಬೀಳದಂತೆ ಒಂದು ತೋಳು ಮಡಚಿಕೊಂಡೇ, ಇನ್ನೊಂದು ಕೈಯನ್ನು ಅಡ್ಡ ಚಾಚಿದರು. ಒಂದು ಲಾರಿ ನಿಂತಿತು. ಅದರ ಹಿಂದೆ ಹಾರನ್ನುಗಳು ಶುರುವಾದವು. ಮಾವ ಅತ್ತ ತಿರುಗಿಯೂ ನೋಡಲಿಲ್ಲ. ಅವರ ಕಣ್ಣು ಸೈಕಲ್ಲುಗಳು ಬರುವ ಕಡೆಗಿತ್ತು.

"ಬಾ ಪುಟ್ಟೀ" ಎಂದರು. "ನಿಧಾನವಾಗಿ ಬಾ. ನಾನಿದ್ದೀನಿ."